ದಿನಕ್ಕೊಂದು ರಾಗಿಕಾಳಿನ ದೂರ

ಕತ್ತರಿಸಿದ ನರ ಮತ್ತೆ ಬೆಳೆಯುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಅದು ಬೆಳೆಯುವ ವೇಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಕಾಲಿನ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದೆ ಸಾಗುತ್ತದೆ, ಹೆಚ್ಚುಕಡಿಮೆ ಒಂದು ರಾಗಿಕಾಳಿನಷ್ಟು. ಬೈಕಿನಿಂದ ಬಿದ್ದವನ ಕತ್ತು ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಜಗ್ಗಿ, ಕತ್ತಿನ ಬುಡದ ನರಗಳ ಜಾಲ ಹರಿದುಹೋಯಿತೆನ್ನಿ. ಅಲ್ಲಿಂದ ಮೊಣಕೈ ಮಡಚುವ ಸ್ನಾಯುವಿಗೆ ಒಂದು ಗೇಣಿಗೂ ಮಿಕ್ಕ ದಾರಿ. ಬೆರಳಾಡಿಸುವ ಅಂಗೈ ಸ್ನಾಯುಗಳಿಗೆ ಸುಮಾರು 70 ಸೆಂಟಿಮೀಟರ್. ಮೊದಲನೆಯದಕ್ಕೆ ಏಳೆಂಟು ತಿಂಗಳು ಬೇಕು, ಎರಡನೆಯದಕ್ಕೆ ಎರಡು ವರ್ಷ. ನರದ ಸಂಪರ್ಕ ತಪ್ಪಿದ ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಅದು ಸೊರಗಿ ನಾರಾಗುತ್ತದೆ. ಆಮೇಲೆ ನರ ಬಂದು ತಲುಪಿದರೂ ಅದರ ಮಾತು ಕೇಳಲು ಅಲ್ಲಿ ಸ್ನಾಯುವೇ ಉಳಿದಿರುವುದಿಲ್ಲ.

ನರ ಜೋಡಿಸುವ ಯಾವ ಹೊಸ ವಸ್ತುವಾದರೂ, ಪ್ರಯೋಗಾಲಯದಲ್ಲಿ ಬೆಳೆಸಿದ ಯಾವ ಊತಕವಾದರೂ ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ಮನುಷ್ಯನ ತೋಳಿನ ಉದ್ದ, ಮನುಷ್ಯನ ಸ್ನಾಯು ಕಾಯುವ ಅವಧಿ: ಅಳತೆಗೋಲು ಇವೆರಡೇ. ನರದ ತುಂಡಾದ ತುದಿಗಳನ್ನು ಸೇರಿಸಲು ಇಲಿಯ ಕಾಲಿನಲ್ಲಿ ಇಟ್ಟು ಗೆದ್ದ ಕೊಳವೆ ಮನುಷ್ಯನ ಕೈಯಲ್ಲಿ ಸೋಲುವುದು ಈ ಅಳತೆಯಲ್ಲೇ. ಆದ್ದರಿಂದ ಮನುಷ್ಯಕೋಶಗಳಿಂದ ಬೆಳೆಸಿದ ಊತಕದ ಮಾದರಿಗಳಿಗೆ ಹಣ, ಜಾಗ, ಗಮನ ಮೂರೂ ಸಲ್ಲಬೇಕು. ಅದನ್ನು ಮಾಡಿ ತೋರಿಸಲು ಚೆನ್ನೈಗಿಂತ ತಕ್ಕ ಊರು ದೇಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಅಡ್ಯಾರಿನ ಸರ್ದಾರ್ ಪಟೇಲ್ ರಸ್ತೆಯಲ್ಲಿ ಒಮ್ಮೆ ನಡೆದುಹೋದರೆ ಇದರ ಕಾರಣ ಕಾಣುತ್ತದೆ. ಒಂದು ಬದಿಗೆ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ಎದುರಿಗೆ ಐಐಟಿ ಮದ್ರಾಸ್. ಅದೇ ರಸ್ತೆಯಲ್ಲಿ ಕ್ಯಾನ್ಸರ್ ಇನ್ಸ್ಟಿಟ್ಯೂಟ್, ಆಚೆಗೆ ಗಿಂಡಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಆವರಣ. ತೊಗಲು ಹದ ಮಾಡುವ ವಿದ್ಯೆಗೂ ನರ ಜೋಡಿಸುವ ವಿದ್ಯೆಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ 1952ರಲ್ಲಿದೆ.

ಆ ವರ್ಷ ಜಿ.ಎನ್. ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ಕಲಿತವರು; ಇನ್ನೂ ಮೂವತ್ತರ ಆಸುಪಾಸು. ಮದ್ರಾಸಿಗೆ ಭೇಟಿ ಕೊಟ್ಟ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲ ಎಂದು ಮಾತಿನ ನಡುವೆ ಹೇಳಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವುದು ಈ ಕೊಲಾಜನ್ನೇ. ರಾಮಚಂದ್ರನ್ ಮೊದಲ ಮಾದರಿ ಕೇಳಿದ್ದು ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯನ್ನು. ಅಲ್ಲಿಂದ ಬಂದದ್ದು ಶಾರ್ಕ್ ಮೀನಿನ ರೆಕ್ಕೆಯ ಕೊಲಾಜನ್; ಅದರಿಂದ ತೆಗೆದ ಕ್ಷ-ಕಿರಣ ಚಿತ್ರಗಳು ಸ್ಫುಟವಾಗಿರಲಿಲ್ಲ. ಕೊನೆಗೆ ಆಸ್ಟ್ರೇಲಿಯಾದಿಂದ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡರು. 1954ರಲ್ಲಿ ಗೋಪಿನಾಥ್ ಕರ್ತ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಕೊಲಾಜನ್ ರಚನೆಯನ್ನು ಪ್ರಕಟಿಸಿದರು.

ಆ ರಚನೆ ಹಳ್ಳಿಯಲ್ಲಿ ಹಗ್ಗ ಹೊಸೆದವರಿಗೆ ಕೂಡಲೇ ತಿಳಿಯುತ್ತದೆ. ಒಂದೊಂದು ಎಳೆಗೂ ಒಂದು ದಿಕ್ಕಿನ ಹುರಿ. ಮೂರೆಳೆ ಸೇರಿದ ಹಗ್ಗಕ್ಕೆ ಅದರ ಎದುರು ದಿಕ್ಕಿನ ಹುರಿ. ಹಾಗಾಗಿಯೇ ಅದು ಬಿಚ್ಚಿಕೊಳ್ಳುವುದಿಲ್ಲ. ಎಳೆಗಳು ಒಂದಕ್ಕೊಂದು ಎಷ್ಟು ಒತ್ತಾಗಿ ಕೂತಿವೆಯೆಂದರೆ ಪ್ರತಿ ಮೂರನೆಯ ಜಾಗದಲ್ಲಿ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದಾದ ಗ್ಲೈಸಿನ್ ಬಿಟ್ಟು ಬೇರೆ ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ಚರ್ಮ ಸಂಶೋಧನಾ ಸಂಸ್ಥೆ ತನ್ನ ಸಭಾಂಗಣಕ್ಕೆ ‘ಟ್ರಿಪಲ್ ಹೆಲಿಕ್ಸ್’ ಎಂದು ಹೆಸರಿಟ್ಟಿರುವುದು ಈ ಮೂರೆಳೆ ಹುರಿಯ ನೆನಪಿಗೆ. ಮೂಲವಿಜ್ಞಾನದ ಈ ಕೆಲಸ ನಡೆದಾಗ ಅದರಿಂದ ಯಾವ ರೋಗಿಗೆ ಏನು ಪ್ರಯೋಜನ ಎಂದು ಯಾರೂ ಲೆಕ್ಕ ಕೇಳಿರಲಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು. ಮುಂದೆ ಅದೇ ಚರ್ಮ ಸಂಸ್ಥೆಯಲ್ಲಿ ಸುಟ್ಟಗಾಯಕ್ಕೆ ಹೊದಿಸುವ ಕೊಲಾಜನ್ ಹಾಳೆಗಳು ತಯಾರಾದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ದನದ ಕೊಲಾಜನ್ನಿನಿಂದ ಮಾಡಿದ ನರದ ಕೊಳವೆಗೆ ಒಪ್ಪಿಗೆ ಕೊಟ್ಟಿತು. ದನದ ಕೊಲಾಜನ್ನಿಗೂ ಮನುಷ್ಯನದಕ್ಕೂ ಹೋಲಿಕೆ ಹೆಚ್ಚು. ದೇಹ ಅದನ್ನು ಪರಕೀಯವೆಂದು ದೂಡುವುದು ಕಡಿಮೆ, ನಿಧಾನವಾಗಿ ತಾನೇ ಕರಗಿಸಿಕೊಳ್ಳುತ್ತದೆ.

ಕೊಳವೆ ಯಾಕೆ ಬೇಕು? ನರ ತುಂಡಾದಾಗ ಕೆಳಗಿನ ಭಾಗದ ತಂತುಗಳು ಸಾಯುತ್ತವೆ. ಇದನ್ನು 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳಲ್ಲಿ ಕಂಡು ವಿವರಿಸಿದ. ತಂತು ಸತ್ತರೂ ಅದನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಸಾಯುವುದಿಲ್ಲ. ಅವು ಸಾಲಾಗಿ ನಿಂತು, ಮೇಲಿನಿಂದ ಬರಲಿರುವ ಹೊಸ ಚಿಗುರಿಗೆ ಹಂದರ ಕಟ್ಟುತ್ತವೆ. ಹಂದರ ಸಿಕ್ಕದ ಹೀರೆಬಳ್ಳಿ ನೆಲದ ಮೇಲೆ ಸುತ್ತಿಕೊಂಡು ಗಂಟಾಗುವಂತೆ, ದಾರಿ ಸಿಗದ ನರತಂತು ಅಲ್ಲೇ ಗಂಟುಗಟ್ಟಿ ಸಹಿಸಲಾರದ ನೋವು ಕೊಡುತ್ತದೆ. ಎರಡು ತುದಿಗಳ ನಡುವೆ ಅಂತರವಿದ್ದರೆ ಅಲ್ಲೊಂದು ಸೇತುವೆ ಬೇಕು.

ಇವತ್ತಿಗೂ ಅತ್ಯುತ್ತಮ ಸೇತುವೆಯೆಂದರೆ ರೋಗಿಯದೇ ಇನ್ನೊಂದು ನರ. ಮೀನಖಂಡದ ಹಿಂದಿನಿಂದ ಒಂದು ಸಂವೇದನೆಯ ನರವನ್ನು ತೆಗೆದು ಕೈಗೆ ಕಸಿ ಮಾಡುತ್ತಾರೆ. ಪಾದದ ಹೊರ ಅಂಚು ಜೋಮು ಹಿಡಿದಂತಾಗುತ್ತದೆ, ಅದೇ ಅದರ ಬೆಲೆ. ಶಸ್ತ್ರವೈದ್ಯರು ಇನ್ನೊಂದು ಜಾಣ ದಾರಿಯನ್ನೂ ಕಂಡುಕೊಂಡಿದ್ದಾರೆ. ಫ್ರಾನ್ಸಿನ ಓಬರ್ಲಿನ್ 1994ರಲ್ಲಿ ವಿವರಿಸಿದ ವಿಧಾನದಲ್ಲಿ, ಅಂಗೈಗೆ ಹೋಗುವ ಆರೋಗ್ಯವಂತ ನರದಿಂದ ಒಂದು ಎಳೆಯನ್ನು ಬಿಡಿಸಿ, ಮೊಣಕೈ ಮಡಚುವ ಸ್ನಾಯುವಿನ ಪಕ್ಕದಲ್ಲೇ ಅದರ ನರಕ್ಕೆ ಜೋಡಿಸುತ್ತಾರೆ. ವೇಗ ಹೆಚ್ಚಿಸಲಾಗದು, ಹಾಗಾಗಿ ದಾರಿಯನ್ನೇ ಮೋಟು ಮಾಡಿದರು. ನರ ರಿಪೇರಿಯ ವಿಚಾರದಲ್ಲಿ ಕಳೆದ ಕೆಲವು ದಶಕಗಳ ದೊಡ್ಡ ಮುನ್ನಡೆ ಬಂದದ್ದು ಹೊಸ ವಸ್ತುವಿನಿಂದ ಅಲ್ಲ, ಇಂಥ ಹಂಚಿಕೆಯಿಂದ ಎನ್ನುವುದನ್ನು ವಸ್ತುವಿಜ್ಞಾನಿಗಳು ಮರೆಯಬಾರದು.

ಕೊಳವೆಯ ಕತೆ ಸ್ವೀಡನ್ನಿನ ಯೊರಾನ್ ಲುಂಡ್‌ಬೊರ್ಗ್ 1980ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಇಲಿಯ ತೊಡೆಯ ನರ ಕತ್ತರಿಸಿ, ಎರಡು ತುದಿಗಳನ್ನೂ ಒಂದು ಸಿಲಿಕೋನ್ ಕೊಳವೆಯೊಳಗೆ ಕೂರಿಸಿದರು. ಮೊದಲು ಕೊಳವೆ ದ್ರವದಿಂದ ತುಂಬಿತು. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಯೊಂದು ಈ ತುದಿಯಿಂದ ಆ ತುದಿಗೆ ಕಟ್ಟಿಕೊಂಡಿತು. ಆ ಎಳೆ ಹಿಡಿದು ಶ್ವಾನ್ ಕೋಶಗಳು ನಡೆದವು, ಅವುಗಳ ಹಿಂದೆ ನರತಂತುಗಳು. 10 ಮಿಲಿಮೀಟರ್ ಅಂತರವನ್ನು ಇಲಿಯ ನರ ದಾಟಿತು. 15 ಮಿಲಿಮೀಟರ್ ಆದಾಗ ದಾಟಲಿಲ್ಲ, ಏಕೆಂದರೆ ಅಂತರ ಹೆಚ್ಚಿದಂತೆ ಫೈಬ್ರಿನ್ ಎಳೆ ನಡುವೆ ತೆಳುವಾಗಿ ಕಡಿದುಹೋಗುತ್ತದೆ. ಮನುಷ್ಯರಲ್ಲಿ ಬರಿಯ ಟೊಳ್ಳು ಕೊಳವೆಗೆ ಸುಮಾರು 3 ಸೆಂಟಿಮೀಟರ್ ಎಲ್ಲೆ. ಅದಕ್ಕಿಂತ ದೊಡ್ಡ ಅಂತರಕ್ಕೆ ಕೊಳವೆಯೊಳಗೆ ಏನಾದರೂ ಹಾಕಬೇಕು: ಒಂದೇ ದಿಕ್ಕಿಗೆ ಮಲಗಿಸಿದ ನವಿರಾದ ನೂಲು, ಬೆಳವಣಿಗೆಯ ಅಂಶಗಳು, ಜೀವಂತ ಕೋಶಗಳು.

ತಂಜಾವೂರಿನ ಶಾಸ್ತ್ರ ವಿಶ್ವವಿದ್ಯಾಲಯದಲ್ಲಿ ಸ್ವಾಮಿನಾಥನ್ ಸೇತುರಾಮನ್, ಉಮಾ ಮಹೇಶ್ವರಿ ಕೃಷ್ಣನ್ ಮತ್ತು ಸಂಗಡಿಗರು ಮಾಡಿದ್ದು ಇಂಥ ನೂಲಿನ ಕೆಲಸ. ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ, ದೇಹದಲ್ಲಿ ಕರಗುವ ಪಾಲಿಮರ್ ಎಳೆಗಳನ್ನು ವಿದ್ಯುತ್ ಸೆಳೆತದಿಂದ ಎಳೆದು, ಒಂದೇ ಓರಣಕ್ಕೆ ಜೋಡಿಸಿದರು. ಅಡ್ಡಾದಿಡ್ಡಿ ಹೆಣೆದ ಎಳೆಗಿಂತ ಓರಣದ ಎಳೆಯ ಮೇಲೆ ಶ್ವಾನ್ ಕೋಶಗಳು ಉದ್ದಕ್ಕೆ ಚಾಚಿಕೊಳ್ಳುತ್ತವೆ. ದಿಕ್ಕಿನಷ್ಟೇ ಮುಖ್ಯವಾದದ್ದು ಮೆದುತನ. ಮಿದುಳಿನಷ್ಟು ಮೆತ್ತನೆಯ ಜೆಲ್ಲಿನ ಮೇಲೆ ಇಟ್ಟ ಆಕರಕೋಶಗಳು (ಸ್ಟೆಮ್ ಸೆಲ್) ನರಕೋಶದತ್ತ, ಗಡುಸಾದ ಜೆಲ್ಲಿನ ಮೇಲೆ ಇಟ್ಟವು ಮೂಳೆಯ ಕೋಶದತ್ತ ವಾಲುತ್ತವೆ ಎಂದು ಅಮೆರಿಕದ ಎಂಗ್ಲರ್, ಡಿಶರ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದರು. ಕೋಶ ತನ್ನ ಕಾಲಡಿಯ ನೆಲವನ್ನು ಒತ್ತಿ ನೋಡಿ ತಾನು ಏನಾಗಬೇಕೆಂದು ನಿರ್ಧರಿಸುತ್ತದೆ. ಅಲ್ಲಿಗೆ ಸೇತುವೆಯ ವಸ್ತುವನ್ನು ಬರಿಯ ಮೌನ ಕೊಳಾಯಿ ಎಂದು ಭಾವಿಸುವ ಕಾಲ ಮುಗಿಯಿತು.

ಈ ಎಲ್ಲ ವಸ್ತುಗಳನ್ನು ಪರೀಕ್ಷಿಸುವುದು ಎಲ್ಲಿ? ಹೆಚ್ಚಿನದು ಇಲಿಯ ತೊಡೆಯ ನರದಲ್ಲಿ, ಅದೂ 10 ಮಿಲಿಮೀಟರಿನ ಆಸುಪಾಸಿನ ಅಂತರದಲ್ಲಿ. ತೊಡಕು ಶುರುವಾಗುವುದು ಇಲ್ಲೇ. ಇಲಿಯ ನರ ಮನುಷ್ಯನದಕ್ಕಿಂತ ಚುರುಕಾಗಿ ಬೆಳೆಯುತ್ತದೆ. ಅದು ಕ್ರಮಿಸಬೇಕಾದ ದಾರಿ ಕೆಲವೇ ಸೆಂಟಿಮೀಟರ್. ಸ್ನಾಯು ಸೊರಗುವ ಮೊದಲೇ ತಲುಪಿಬಿಡುತ್ತದೆ. ಕಾಲದ ಜೊತೆಗಿನ ಓಟವೇ ಅಲ್ಲಿಲ್ಲ. ಮನುಷ್ಯನಿಗೆ ಇರುವ ಮುಖ್ಯ ತೊಂದರೆ ಯಾವ ಪ್ರಾಣಿಗೆ ಇಲ್ಲವೋ ಆ ಪ್ರಾಣಿಯಲ್ಲಿ ಮದ್ದು ಹುಡುಕಿದರೆ ಬರುವ ಉತ್ತರ ಸುಳ್ಳಲ್ಲ, ಆದರೆ ಅದು ಬೇರೊಂದು ಪ್ರಶ್ನೆಯ ಉತ್ತರ.

ಪ್ರಾಣಿಗಳ ನೋವಿನ ಮಾತೂ ಇದೆ, ಮತ್ತು ಅದನ್ನು ಈ ದೇಶದಲ್ಲಿ ಗಟ್ಟಿಯಾಗಿ ಎತ್ತಿದ್ದು ಚೆನ್ನೈಯೇ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಒತ್ತಾಯದಿಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಅಧ್ಯಕ್ಷರಾದರು. ಇದೇ ಊರಿನ ಬ್ಲೂ ಕ್ರಾಸ್ ಬಳಗದವರು ಕಪ್ಪೆ ಕೊಯ್ಯುವ ಪಾಠಕ್ಕೆ ಬದಲಾಗಿ ‘ಕಂಪ್ಯೂಫ್ರಾಗ್’ ಎಂಬ ಕಂಪ್ಯೂಟರ್ ಪಾಠ ಸಿದ್ಧಪಡಿಸಿದರು. ಈ ಪರಂಪರೆ ಗೌರವಕ್ಕೆ ಅರ್ಹ. ಆದರೂ ನರದ ವಿಷಯದಲ್ಲಿ ಕರುಣೆಯ ವಾದ ಒಂದನ್ನೇ ನೆಚ್ಚಿಕೊಳ್ಳಬೇಕಿಲ್ಲ. ವಿಜ್ಞಾನವೇ ಇಲಿಯಿಂದ ಆಚೆ ನೋಡು ಎನ್ನುತ್ತಿದೆ.

ಆಚೆ ನೋಡುವ ದಾರಿಯನ್ನು ತೆರೆದವರು ಜಪಾನಿನ ಶಿನ್ಯ ಯಮನಾಕ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಅವರು ಮತ್ತೆ ಮೊಳಕೆಯ ಸ್ಥಿತಿಗೆ ತಂದರು. ಹಾಗೆ ತಂದ ಕೋಶವನ್ನು ನರಕೋಶವಾಗಿ, ಶ್ವಾನ್ ಕೋಶವಾಗಿ, ಸ್ನಾಯುವಾಗಿ ಬೆಳೆಸಬಹುದು. 2013ರಲ್ಲಿ ವಿಯೆನ್ನಾದ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗನ್ ಕ್ನೋಬ್ಲಿಕ್ ಇಂಥ ಕೋಶಗಳಿಂದ ಎಳೆಯ ಮಿದುಳನ್ನು ಹೋಲುವ ಆರ್ಗನಾಯ್ಡ್ ಎಂಬ ಪುಟ್ಟ ಉಂಡೆಗಳನ್ನು ಬೆಳೆಸಿದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಮತ್ತು ಇನ್‌ಸ್ಟೆಮ್ ಜೊತೆಗೂಡಿ, ತೀವ್ರ ಮಾನಸಿಕ ಕಾಯಿಲೆಯಿರುವ ಕುಟುಂಬಗಳ ಸದಸ್ಯರ ರಕ್ತದಿಂದ ಇಂಥ ಆಕರಕೋಶಗಳ ಸಂಗ್ರಹ ಕಟ್ಟಿವೆ. ಆಸ್ಪತ್ರೆಯ ರೋಗಿಯೂ ಪ್ರಯೋಗಾಲಯದ ತಟ್ಟೆಯೂ ಒಂದೇ ದಾರದಲ್ಲಿ ಕೂಡಿದ ಮಾದರಿ ಅದು. ಮನಸ್ಸಿನ ಕಾಯಿಲೆಗೆ ಬೆಂಗಳೂರು ಮಾಡಿದ್ದನ್ನು ಕೈಕಾಲಿನ ನರಕ್ಕೆ ಚೆನ್ನೈ ಮಾಡಬಹುದು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ತಟ್ಟೆಯಲ್ಲಿ ಬೆಳೆಸಿದ ಊತಕದಲ್ಲಿ ರಕ್ತನಾಳವಿಲ್ಲ. ಸತ್ತ ತಂತುಗಳ ಕಸ ಗುಡಿಸುವ ರಕ್ಷಕಕೋಶಗಳು ತಾವಾಗಿ ಅಲ್ಲಿ ಬರುವುದಿಲ್ಲ, ಅವುಗಳಿಲ್ಲದೆ ನಿಜವಾದ ದೇಹದಲ್ಲಿ ನರ ಬೆಳೆಯುವುದೂ ಇಲ್ಲ. ಉದ್ದದ ವಿಷಯಕ್ಕೆ ಬಂದರೆ ತಟ್ಟೆಯೂ ಇಲಿಯಷ್ಟೇ ಗಿಡ್ಡ. 70 ಸೆಂಟಿಮೀಟರಿನ ನರವನ್ನು ಯಾರೂ ಗಾಜಿನ ಮೇಲೆ ಬೆಳೆಸಿಲ್ಲ. ಈ ಮೂರೂ ನಿಜ. ಹಾಗಾದರೆ ತಟ್ಟೆ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು? ಈ ಕೊಲಾಜನ್ ಮೇಲೆ ಮನುಷ್ಯನ ಶ್ವಾನ್ ಕೋಶ ತಿಂಗಳುಗಟ್ಟಲೆ ಬದುಕುತ್ತದೆಯೇ? ಮನುಷ್ಯನ ನರತಂತು ಈ ನೂಲನ್ನು ಹಿಡಿದು ನಡೆಯುತ್ತದೆಯೇ? ನರ ಬರುವವರೆಗೆ ಸ್ನಾಯುವನ್ನು ಸೊರಗದಂತೆ ಹಿಡಿದಿಡಬಲ್ಲ ಔಷಧಿ ಯಾವುದು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ದಿನಕ್ಕೊಂದು ರಾಗಿಕಾಳಿನ ವೇಗವನ್ನು ಹೆಚ್ಚಿಸಲಾಗದಿದ್ದರೆ ಕಾಯುವ ಸ್ನಾಯುವಿನ ಆಯುಸ್ಸನ್ನಾದರೂ ಹೆಚ್ಚಿಸಬೇಕು, ಮತ್ತು ಮನುಷ್ಯನ ಸ್ನಾಯುವಿನ ಆಯುಸ್ಸನ್ನು ಮನುಷ್ಯನ ಸ್ನಾಯುಕೋಶದಲ್ಲೇ ಕೇಳಬೇಕು.

ಎರಡು ಕಡೆ ಇಂಥ ಮಾದರಿಗಳ ಫಲ ಇನ್ನೂ ಬೇಗ ಸಿಗಬಹುದು. ಒಂದು, ಅದೇ ಸರ್ದಾರ್ ಪಟೇಲ್ ರಸ್ತೆಯ ಕ್ಯಾನ್ಸರ್ ಇನ್ಸ್ಟಿಟ್ಯೂಟ್ ದಿನವೂ ಕಾಣುವ ಕಷ್ಟ. 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಪರಿಶ್ರಮದಿಂದ ಶುರುವಾದ ಆ ಆಸ್ಪತ್ರೆಯಂಥ ಕಡೆ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ನರತಂತುವಿನೊಳಗಿನ ಸಾಗಾಣಿಕೆಯ ಹಳಿಗಳನ್ನೇ ಕೆಡಿಸುತ್ತದೆ. ಕೈಕಾಲು ಜೋಮು, ಉರಿ, ನಡೆಯುವಾಗ ಪಾದ ಜೋಲುವುದು ಅದರ ಫಲ. ಇಲ್ಲಿ ಮಾರುದ್ದದ ನರ ಬೇಕಿಲ್ಲ. ಕೆಲವು ಮಿಲಿಮೀಟರಿನ ಮನುಷ್ಯ ನರತಂತು ಸಾಕು. ಎಷ್ಟು ಪ್ರಮಾಣ ತಾಳುತ್ತದೆ, ಯಾವ ರಕ್ಷಕ ಔಷಧಿ ಕೆಲಸ ಮಾಡುತ್ತದೆ ಎಂದು ಅದರಲ್ಲೇ ನೋಡಬಹುದು.

ಇನ್ನೊಂದು ಕುಷ್ಠ. ಚೆನ್ನೈಗೆ ಸಮೀಪದ ಚೆಂಗಲ್ಪಟ್ಟಿನ ತಿರುಮಣಿಯಲ್ಲಿ ಕೇಂದ್ರೀಯ ಕುಷ್ಠರೋಗ ಬೋಧನ ಮತ್ತು ಸಂಶೋಧನಾ ಸಂಸ್ಥೆಯಿದೆ. ಕುಷ್ಠ ಚರ್ಮದ ರೋಗವೆಂದು ಜನ ತಿಳಿದಿದ್ದರೂ ಅದು ಮೂಲತಃ ನರದ ರೋಗ. ಅದರ ರೋಗಾಣು ಶ್ವಾನ್ ಕೋಶದೊಳಗೇ ಮನೆ ಮಾಡುತ್ತದೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಸ್ವಾತಂತ್ರ್ಯದ ಹೊತ್ತಿನಲ್ಲೇ ಕಂಡುಕೊಂಡಂತೆ, ಬೆರಳುಗಳು ಸವೆಯುವುದು ರೋಗಾಣು ತಿಂದದ್ದರಿಂದಲ್ಲ, ನೋವು ತಿಳಿಯದೆ ಆದ ಗಾಯಗಳಿಂದ. ಅವರು ಸ್ನಾಯುರಜ್ಜು ಬದಲಿಸಿ ಮಡಚಿದ ಬೆರಳುಗಳನ್ನು ಬಿಡಿಸಿದರು, ಆದರೆ ಸತ್ತ ನರವನ್ನು ಬದುಕಿಸುವ ಉಪಾಯ ಅವರ ಬಳಿಯೂ ಇರಲಿಲ್ಲ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ರೋಗಾಣುವನ್ನು ಕೊಲ್ಲುತ್ತದೆ, ಹೋದ ಸ್ಪರ್ಶವನ್ನು ಮರಳಿ ತರುವುದಿಲ್ಲ. ಈ ರೋಗಾಣುವನ್ನು ಇಂದಿಗೂ ಪ್ರಯೋಗಾಲಯದ ಸಾಮಾನ್ಯ ಆಹಾರದಲ್ಲಿ ಬೆಳೆಸಲಾಗಿಲ್ಲ. ಇಲಿಯ ಪಾದ, ಆರ್ಮಡಿಲ್ಲೋ ಪ್ರಾಣಿ ಇವನ್ನೇ ನೆಚ್ಚಬೇಕು. ಮನುಷ್ಯ ಶ್ವಾನ್ ಕೋಶಗಳ ಜೀವಂತ ಮಾದರಿ ಹೆಚ್ಚಾಗಿ ಬೇಕಿರುವುದು ಈ ಬಡವರ ರೋಗಕ್ಕೆ. ಇದಕ್ಕೆ ದೊಡ್ಡ ಕಂಪನಿಗಳು ಹಣ ಸುರಿಯುತ್ತವೆಂದು ಕಾಯುವಂತಿಲ್ಲ; ಸಾರ್ವಜನಿಕ ಹಣ ಸಾರ್ಥಕವಾಗುವುದು ಇಂಥ ಕಡೆ.

ಮಾದರಿ ನಿಜವಾದ ಊತಕವನ್ನು ಹೋಲುತ್ತದೆ ಎಂದು ಹೇಳಲು ಒರೆಗಲ್ಲು ಬೇಕಲ್ಲವೇ? ಮಿದುಳಿನ ಮಟ್ಟಿಗೆ ಅದು ಚೆನ್ನೈಯಲ್ಲೇ ಸಿದ್ಧವಾಗಿದೆ. ಐಐಟಿ ಮದ್ರಾಸಿನ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ 2024ರ ಡಿಸೆಂಬರಿನಲ್ಲಿ ‘ಧರಣಿ’ ಎಂಬ ಸಂಗ್ರಹವನ್ನು ಲೋಕಕ್ಕೆ ಮುಕ್ತವಾಗಿ ಕೊಟ್ಟಿತು: ಎರಡನೆಯ ತ್ರೈಮಾಸಿಕದ ಮನುಷ್ಯ ಭ್ರೂಣದ ಮಿದುಳಿನ 5,132 ಸೀಳುಗಳ ಸೂಕ್ಷ್ಮ ಚಿತ್ರಗಳು. ಆರ್ಗನಾಯ್ಡ್‌ಗಳು ಹೋಲುವುದು ವಯಸ್ಕರ ಮಿದುಳನ್ನಲ್ಲ, ಭ್ರೂಣದ್ದನ್ನು. ಹಾಗಾಗಿ ಅವುಗಳನ್ನು ಒರೆಹಚ್ಚಲು ಇದಕ್ಕಿಂತ ಸಮೀಪದ ಕಲ್ಲು ಸಿಗದು. ಕೈಕಾಲಿನ ನರಕ್ಕೂ ಇಂಥದೊಂದು ಭೂಪಟ ಬೇಕು.

ಕಾನೂನು ಈಗ ಅಡ್ಡಿಯಲ್ಲ. ಹೊಸ ಔಷಧಿಗಳ ಪರೀಕ್ಷೆಯ ನಿಯಮಗಳಿಗೆ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ತಿದ್ದುಪಡಿ ತಂದು, ಪ್ರಾಣಿಗಳ ಜೊತೆಗೆ ಆರ್ಗನಾಯ್ಡ್, ಪುಟ್ಟ ಚಿಪ್ ಮೇಲೆ ಕಟ್ಟಿದ ಅಂಗದಂಥ (ಆರ್ಗನ್-ಆನ್-ಚಿಪ್) ಮಾದರಿಗಳನ್ನೂ ಒಪ್ಪಿಕೊಂಡಿದೆ. ಆದರೆ ಇನ್ನೊಂದು ಬಗೆಯ ಅವಸರದ ಬಗ್ಗೆ ಎಚ್ಚರ ಬೇಕು. ಬೆನ್ನುಹುರಿ ಮುರಿದವರಿಗೆ ಸ್ಟೆಮ್ ಸೆಲ್ ಚುಚ್ಚಿ ನಡೆಸುತ್ತೇವೆ ಎಂಬ ಜಾಹೀರಾತುಗಳನ್ನು ನಂಬಿ ಜಮೀನು ಮಾರಿದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳ ಕಸಿಯನ್ನು ಬಿಟ್ಟರೆ ಬೇರೆಲ್ಲ ಸ್ಟೆಮ್ ಸೆಲ್ ಬಳಕೆಯೂ ಪ್ರಯೋಗವೇ, ಚಿಕಿತ್ಸೆಯಲ್ಲ. ಪ್ರಯೋಗಾಲಯದ ಊತಕವೆಂದರೆ ನಾಳೆಯೇ ದೇಹಕ್ಕೆ ಹೊಲಿಯುವ ಬಿಡಿಭಾಗ ಎಂದು ಪತ್ರಿಕೆಗಳು ಬರೆಯುವುದು ಆ ಜಾಹೀರಾತುಗಳಿಗೆ ಗೊಬ್ಬರ ಹಾಕಿದಂತೆ.

ಅತಿ ಗಂಭೀರವಾದ ಆಕ್ಷೇಪ ಬರುವುದು ವೈದ್ಯರಿಂದ. 2022ರಲ್ಲಿ ದೇಶದಲ್ಲಿ ದಾಖಲಾದ 4,61,312 ರಸ್ತೆ ಅಪಘಾತಗಳಲ್ಲಿ 64,105 ತಮಿಳುನಾಡಿನವು, ರಾಜ್ಯಗಳಲ್ಲೇ ಅತಿ ಹೆಚ್ಚು. ಕೈಯ ಸ್ವಾಧೀನ ಕಳೆದುಕೊಂಡವರೆಷ್ಟು ಎಂಬುದನ್ನು ಆ ಪಟ್ಟಿ ಬೇರೆಯಾಗಿ ಹೇಳುವುದಿಲ್ಲ. ಅಂಥವರಲ್ಲಿ ಎಷ್ಟೋ ಮಂದಿ ಮೂಳೆ ಕೂಡಿತು, ಕೈ ತಾನಾಗಿ ಬರುತ್ತದೆ ಎಂದು ಕಾದು, ವರ್ಷ ಕಳೆದ ಮೇಲೆ ನರದ ವೈದ್ಯರ ಬಾಗಿಲಿಗೆ ಬರುತ್ತಾರೆ. ಮೂರು ತಿಂಗಳೊಳಗೆ ತಲುಪಿಸುವ ವ್ಯವಸ್ಥೆಗೆ ಖರ್ಚು ಮಾಡಿದರೆ ಕೊಲಾಜನ್ ಕೊಳವೆಗಿಂತ ಹೆಚ್ಚು ಕೈಗಳು ಉಳಿಯುವುದಿಲ್ಲವೇ? ಇವತ್ತಿನ ಮಟ್ಟಿಗೆ ಉಳಿಯುತ್ತವೆ. ಅದನ್ನು ಒಪ್ಪಿಕೊಳ್ಳದ ವಿಜ್ಞಾನಿಯ ಮಾತಿಗೆ ತೂಕವಿರದು. ಆದರೆ ಬೇಗ ಬಂದವನ ಕೈಯ ನರದಲ್ಲೂ 8 ಸೆಂಟಿಮೀಟರ್ ಹೋಗಿದ್ದರೆ ವೈದ್ಯರ ಬಳಿ ಇರುವುದು ಅವನದೇ ಕಾಲಿನ ನರವಷ್ಟೇ. ಎರಡೂ ಕೈ ಹೋದವನಿಗೆ ಅದೂ ಸಾಲದು. ಇವೆರಡು ಕೆಲಸಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸುವುದಕ್ಕಿಂತ ಒಂದೇ ಆಸ್ಪತ್ರೆಯ ವಾರ್ಡಿನಲ್ಲಿ ಕೂಡಿಸುವುದು ಮೇಲು.

ಅಂಥ ವಾರ್ಡು ಚೆನ್ನೈಯಲ್ಲಿದೆ. ಊರಿನ ಉತ್ತರಕ್ಕೆ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಆರ್. ವೆಂಕಟಸ್ವಾಮಿ ಕಟ್ಟಿ ಬೆಳೆಸಿದ ಹಸ್ತ ಸಂಶೋಧನೆ ಮತ್ತು ಪುನಶ್ಚೇತನ ಸಂಸ್ಥೆ ಕೂಲಿಕಾರರ, ಕಾರ್ಖಾನೆಯವರ ಕೈಗಳಿಗೆಂದೇ ಹುಟ್ಟಿದ್ದು. ಬೆರಳ ತುದಿ ಕತ್ತರಿಸಿಹೋದಾಗ ಪಕ್ಕದ ಚರ್ಮವನ್ನು ನರ, ರಕ್ತನಾಳ ಸಮೇತ ಮುಂದಕ್ಕೆ ಸರಿಸುವ, ಅವರು 1980ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಜಗತ್ತಿನಲ್ಲಿ ಅವರದೇ ಹೆಸರು. ಇಂಥ ಕಡೆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಎಸೆಯುವ ನರದ ಚೂರು, ರೋಗಿಯ ಒಪ್ಪಿಗೆ ಪಡೆದು, ಕೆಲವು ಗಂಟೆಗಳಲ್ಲಿ ಅಡ್ಯಾರಿನ ಪ್ರಯೋಗಾಲಯ ಸೇರಿದರೆ ಅದರಿಂದ ಮನುಷ್ಯ ಶ್ವಾನ್ ಕೋಶಗಳನ್ನು ಬೆಳೆಸಬಹುದು. ಅಲ್ಲಿ ತಯಾರಾದ ಹೊಸ ಕೊಲಾಜನ್ ನೂಲು ಮೊದಲು ಆ ಕೋಶಗಳ ಮೇಲೆ, ಆಮೇಲೆ ದೊಡ್ಡ ಪ್ರಾಣಿಯಲ್ಲಿ, ಆಮೇಲೆ ಮನುಷ್ಯರಲ್ಲಿ ಪರೀಕ್ಷೆಗೆ ಒಳಗಾಗಬಹುದು.

ವಾರ್ಡಿನಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆಂದರೆ, ವೈದ್ಯರು ತೋರುಬೆರಳಿನಿಂದ ರೋಗಿಯ ತೋಳಿನುದ್ದಕ್ಕೂ ನರದ ಜಾಡಿನ ಮೇಲೆ ಮೆಲ್ಲಗೆ ತಟ್ಟುತ್ತಾ ಬರುತ್ತಾರೆ. ಒಂದು ಕಡೆ ಬೆರಳಿನವರೆಗೆ ಜುಮ್ಮೆಂದರೆ ಹೊಸ ತಂತುವಿನ ತುದಿ ಅಲ್ಲಿಗೆ ತಲುಪಿದೆ ಎಂದರ್ಥ. 1915ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡುತ್ತಾ ಫ್ರಾನ್ಸಿನ ಜೂಲ್ಸ್ ಟಿನೆಲ್ ಬರೆದಿಟ್ಟ ಈ ಲಕ್ಷಣಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಅಲ್ಲಿ ಪೆನ್ನಿನಿಂದ ಗುರುತು ಹಾಕಿ, ಟೇಪು ಹಿಡಿದು, ತಾರೀಖಿನೊಂದಿಗೆ ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಆತ ಬಂದಾಗ ಗುರುತು ಎರಡೂವರೆ, ಮೂರು ಸೆಂಟಿಮೀಟರ್ ಕೆಳಗೆ ಇಳಿದಿರಬೇಕು. ಯಾವ ವಸ್ತುವಿನ ಮೇಲೆ ಎಷ್ಟು ಇಳಿಯಿತು, ಎಲ್ಲಿ ನಿಂತಿತು ಎಂಬ ಈ ಬರಹ ವಾರ್ಡಿನ ಕಡತದಿಂದ ಸರ್ದಾರ್ ಪಟೇಲ್ ರಸ್ತೆಯವರೆಗೆ ಪ್ರತಿ ತಿಂಗಳೂ ಹೋಗುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಒಬ್ಬ ಗುಮಾಸ್ತ, ಒಂದು ಒಪ್ಪಂದ, ತಿಂಗಳಿಗೊಮ್ಮೆ ವೈದ್ಯರೂ ವಸ್ತುವಿಜ್ಞಾನಿಗಳೂ ಒಂದೇ ಮೇಜಿನ ಸುತ್ತ ಕೂರುವ ಒಂದು ಮಧ್ಯಾಹ್ನ ಇದ್ದರೆ ಶುರು ಮಾಡಬಹುದು.